ದರಕಿನ ಕೆಳಗೆ ಗೊಂಡ್ವಾನ

ಶಿರಸಿ ಕಡೆ ಸೊಪ್ಪಿನ ಬೆಟ್ಟದಲ್ಲಿ ದರಕು, ಅಂದರೆ ಉದುರಿದ ಎಲೆ, ಗುಡಿಸುವವರು ಹಾರ್ವೆಸ್ಟ್‌ಮನ್ ನೋಡಿಯೇ ಇರುತ್ತಾರೆ. ಕೂದಲಿನಷ್ಟು ತೆಳುವಾದ ಎಂಟು ಕಾಲು, ನಡುವೆ ಪುಟ್ಟ ಗುಂಡು ಮೈ. ಜೇಡ ಅಂದುಕೊಂಡು ಹೆದರುವುದು ಬೇಡ. ಇದಕ್ಕೆ ವಿಷವೂ ಇಲ್ಲ, ನೂಲೂ ಇಲ್ಲ.

ಈ ಬಳಗದಲ್ಲಿ ಗಿಡ್ಡ ಕಾಲಿನವೂ ಇವೆ. ನನಗೆ ಅವುಗಳ ಮೇಲೇ ಪ್ರೀತಿ ಜಾಸ್ತಿ. ಪೆಟ್ಟಾಲಿಡೆ ಅನ್ನುವ ಕುಟುಂಬ ಅಂಥದ್ದು. ಮೈ ಉದ್ದ ಕೆಲವೇ ಮಿಲಿಮೀಟರ್. ನೋಡಿದರೆ ಉಣುಗು ಅನ್ನಬೇಕು, ಹಾಗಿರುತ್ತದೆ. ಬೆನ್ನಿನ ಎರಡೂ ಬದಿಗೆ ಒಂದೊಂದು ಪುಟ್ಟ ಮೊನೆ. ವಾಸನೆಯ ದ್ರವ ಹೊರಬರುವುದು ಅಲ್ಲಿಂದಲೇ.

ಈ ಜೀವಿ ಒಣ ಹವೆ ತಡೆಯುವುದಿಲ್ಲ. ಹಾರಲು ರೆಕ್ಕೆಯಿಲ್ಲ, ಗಾಳಿಯಲ್ಲಿ ತೇಲಲು ಜೇಡರ ಮರಿಗಳಿಗಿರುವ ನೂಲಿಲ್ಲ. ಎಷ್ಟೋ ಪ್ರಭೇದಗಳು ಒಂದೇ ಗುಡ್ಡಸಾಲಿಗೆ ಸೀಮಿತ. ಅಂಥದ್ದು ಸಿಕ್ಕಿರುವುದು ಎಲ್ಲೆಲ್ಲಿ ಗೊತ್ತಾ? ಚಿಲಿ, ದಕ್ಷಿಣ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್!

ಅದು ಸಮುದ್ರ ದಾಟಲಿಲ್ಲ. ಕಾಲಡಿಯ ನೆಲವೇ ಒಡೆದು ದೂರ ಹೋಯಿತು. ಈ ಜಾಗಗಳೆಲ್ಲ ಒಂದು ಕಾಲಕ್ಕೆ ಗೊಂಡ್ವಾನ ಎಂಬ ಒಂದೇ ಭೂಖಂಡ. ನಮ್ಮ ಕರಾವಳಿಯೂ ಈ ಕಥೆಯದ್ದೇ ಭಾಗ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದ ಪಶ್ಚಿಮ ಅಂಚಿನಿಂದ ಬೇರೆಯಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಸೀಳಿನ ಕಾಲದ ಲಾವಾ.

ಮಡಗಾಸ್ಕರಿನಲ್ಲಿ ಪೆಟ್ಟಾಲಿಡೆ ಇದೆ. ಶ್ರೀಲಂಕಾದ್ದನ್ನು 1875ರಲ್ಲೇ ವಿವರಿಸಿದ್ದರು. ನಡುವಿನ ನಮ್ಮ ಘಟ್ಟ ಮಾತ್ರ ಪಟ್ಟಿಯಲ್ಲಿಲ್ಲ. ಹಿಮಯುಗಗಳಲ್ಲಿ ಸಮುದ್ರ ಇಳಿದಾಗ ಶ್ರೀಲಂಕಾಕ್ಕೂ ದಕ್ಷಿಣ ಭಾರತಕ್ಕೂ ನೆಲದ ದಾರಿಯೇ ಇತ್ತು. ಹಾಗಾದರೆ ಇಲ್ಲಿದ್ದವು ಅಳಿದುಹೋದವೇ? 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ, ಆಮೇಲಿನ ಒಣ ಕಾಲಗಳು ಎಷ್ಟೋ ಜೀವಿಗಳನ್ನು ಒರೆಸಿರಬಹುದು. ಆದರೆ ಇಷ್ಟು ಚಿಕ್ಕದನ್ನು ಸುಮ್ನೆ ಕಾಡು ಸುತ್ತಿದರೆ ಕಾಣಲಾಗುವುದಿಲ್ಲ ಅಲ್ವಾ? ಅದಕ್ಕೇ ಇಲ್ಲ ಎಂದು ತೀರ್ಮಾನಿಸಲು ನನಗೆ ಮನಸ್ಸಿಲ್ಲ.

ನನ್ನ ಕೇಳಿದರೆ ಹುಡುಕಾಟ ಸಿದ್ದಾಪುರದ ಕತ್ತಲೆಕಾನಿನಿಂದ ಶುರುವಾಗಲಿ. ಅಲ್ಲಿನ ರಾಂಪತ್ರೆ ಜಡ್ಡಿಗಳು, ಅಂದರೆ ರಾಂಪತ್ರೆ ಮರಗಳ ಜೌಗು ಕಾಡುಗಳು, ಬೇಸಿಗೆಯಲ್ಲೂ ತಂಪು. ಬೇಕಾದ್ದು ಒಂದು ಜರಡಿ, ಒಂದು ಬಿಳಿ ಬಟ್ಟೆ, ಜತೆಗೆ ತುಂಬಾ ತಾಳ್ಮೆ. ಹಸಿ ದರಕನ್ನು ಜರಡಿ ಹಿಡಿದು ಬಟ್ಟೆಯ ಮೇಲೆ ಉದುರಿಸಿ, ಕಣ್ಣು ಕೀಲಿಸಿ ಕಾಯಬೇಕು. ಅಪಾಯ ಅನ್ನಿಸಿದರೆ ಇದು ಸತ್ತಂತೆ ಬಿದ್ದಿರುತ್ತದೆ. ಸ್ವಲ್ಪ ಹೊತ್ತಾದ ಮೇಲೇ ನಡೆಯಲು ಶುರುಮಾಡುವುದು.