ಜೋನ್ಸ್‌ಬರೋ: ಕೋರ್ಟಿನ ಕಾಗದದಿಂದ ಕತೆ ಹಬ್ಬದವರೆಗೆ

ಅಮೆರಿಕದ ಇತಿಹಾಸ ಓದುವಾಗ ಸಣ್ಣ ಊರುಗಳ ಪುಟಗಳನ್ನು ನಾವು ಬೇಗ ಬೇಗ ಮಗುಚಿಬಿಡುತ್ತೇವೆ, ಅಲ್ವಾ? ಟೆನೆಸ್ಸಿ ರಾಜ್ಯದ ಪೂರ್ವ ತುದಿಯಲ್ಲಿರುವ ಜೋನ್ಸ್‌ಬರೋ ವಿಷಯದಲ್ಲಿ ಹಾಗೆ ಮಾಡಬೇಡಿ. 2020ರ ಜನಗಣತಿಯಲ್ಲಿ ಆರು ಸಾವಿರ ಜನವೂ ಇರಲಿಲ್ಲ. ಆದರೆ ಆ ರಾಜ್ಯದ ಅತಿ ಹಳೆಯ ಊರು ಇದೇ, ವಾಷಿಂಗ್ಟನ್ ಕೌಂಟಿಯ ಆಡಳಿತ ಕೇಂದ್ರವೂ ಇದೇ.

ಕೌಂಟಿ ಕೇಂದ್ರ ಅಂದರೇನು ಅನ್ನೋದು ಮೊದಲು ಮನಸ್ಸಿನಲ್ಲಿ ಗಟ್ಟಿಯಾಗಲಿ. ನಮ್ಮ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಕೋರ್ಟು ಮೂರೂ ಒಂದೇ ಕಡೆ ಸೇರಿದ ಹಾಗೆ. ಜಮೀನಿನ ಪತ್ರ, ಮದುವೆ ಪರವಾನಗಿ, ಉಯಿಲು, ತೆರಿಗೆ, ವ್ಯಾಜ್ಯ ಎಲ್ಲಕ್ಕೂ ಸುತ್ತಲಿನ ಜನ ಅಲ್ಲಿಗೇ ಬರಬೇಕು. ಬಂದವರಿಗೆ ಊಟ ಬೇಕು, ತಂಗಲು ಜಾಗ ಬೇಕು, ವಕೀಲರು ಬೇಕು. ಊರಿನ ಬೀದಿ ಹುಟ್ಟಿದ್ದೇ ಹೀಗೆ.

ಊರು ಶುರುವಾಗಿದ್ದು 1779ರಲ್ಲಿ. ಆಗ ಇದು ನಾರ್ತ್ ಕ್ಯಾರೊಲಿನಾಕ್ಕೆ ಸೇರಿತ್ತು, ಟೆನೆಸ್ಸಿ ರಾಜ್ಯವಾಗಿದ್ದು 1796ರಲ್ಲಿ. ಸೈಟು ಪಡೆದವರು 20 ಅಡಿ ಉದ್ದ, 16 ಅಡಿ ಅಗಲದ ಮನೆ ಕಟ್ಟಲೇಬೇಕು, ಎತ್ತರ 10 ಅಡಿಗೆ ಕಡಿಮೆ ಇರಬಾರದು, ಚಿಮಣಿ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು ಅಂತ ಕಾನೂನೇ ಇತ್ತು. ಸುತ್ತಲೂ ಮರದ ದಿಮ್ಮಿ ಜೋಡಿಸಿದ ಗುಡಿಸಲುಗಳಿದ್ದ ಕಾಡು ಸೀಮೆಯಲ್ಲಿ ಇಂಥ ಷರತ್ತು! ಇದು ತಾನಾಗಿ ಬೆಳೆದ ಊರಲ್ಲ, ಯೋಜನೆ ಹಾಕಿ ಕಟ್ಟಿದ್ದು.

ಮುಂದಿನದು ಫ್ರಾಂಕ್ಲಿನ್ ರಾಜ್ಯದ ಕತೆ. 1784ರಲ್ಲಿ ನಾರ್ತ್ ಕ್ಯಾರೊಲಿನಾ ತನ್ನ ಪಶ್ಚಿಮದ ಜಮೀನನ್ನು ಕೇಂದ್ರಕ್ಕೆ ಬಿಟ್ಟುಕೊಡಲು ಹೊರಟಿತು. ನಮ್ಮನ್ನು ಕೇಳುವವರೇ ಇಲ್ಲ ಅಂತ ಇಲ್ಲಿನ ಜನ ಜೋನ್ಸ್‌ಬರೋದಲ್ಲಿ ಸಭೆ ಸೇರಿದರು, ತಮ್ಮದೇ ರಾಜ್ಯ ಮಾಡಿಕೊಂಡರು, ಜಾನ್ ಸೆವಿಯರ್ ಗವರ್ನರ್ ಆದ. ಇದನ್ನು ರಾಜ್ಯವೆಂದು ಒಪ್ಪಲು ದೇಶದ ಶಾಸನ ಸಭೆಯಾದ ಕಾಂಗ್ರೆಸ್ಸಿನಲ್ಲಿ ಏಳು ರಾಜ್ಯಗಳು ಬೆಂಬಲ ಕೊಟ್ಟವು, ಅದು ಸಾಲಲಿಲ್ಲ. ಒಂದೇ ಜಾಗಕ್ಕೆ ಎರಡು ಸರ್ಕಾರ, ಎರಡು ಕೋರ್ಟು. ಸೆವಿಯರ್ ವಿರೋಧಿ ಜಾನ್ ಟಿಪ್ಟನ್ ಕಡೆಯವರು ಕೋರ್ಟಿಗೆ ನುಗ್ಗಿ ಕಾಗದಪತ್ರ ಹೊತ್ತೊಯ್ದರು, ಸೆವಿಯರ್ ಕಡೆಯವರು ಹೋಗಿ ಕಿತ್ತುಕೊಂಡು ಬಂದರು. ಕಾಗದಕ್ಕೆ ಯಾಕಿಷ್ಟು ಜಗಳ? ದಾಖಲೆ ಯಾರ ಕೈಲಿದೆಯೋ ಅಧಿಕಾರ ಅವರದು. 1788ರ ಹೊತ್ತಿಗೆ ಆ ರಾಜ್ಯ ಕುಸಿಯಿತು.

ಅದೇ 1788ರ ಇನ್ನೊಂದು ಕಾಗದ ನೋಡಿ. ಮುಂದೆ ದೇಶದ ಅಧ್ಯಕ್ಷನಾದ ಆಂಡ್ರ್ಯೂ ಜಾಕ್ಸನ್ ಆಗ ಇಲ್ಲಿಗೆ ಬಂದ ಹುಡುಗ ವಕೀಲ. ಆ ನವೆಂಬರಿನಲ್ಲಿ ಅವನು ಒಬ್ಬ ಹೆಣ್ಣುಮಗಳನ್ನು ಕೊಂಡ ಕ್ರಯಪತ್ರ ಈ ಕೋರ್ಟಿನಲ್ಲಿ ದಾಖಲಾಯಿತು. ಅವಳ ಹೆಸರು ನ್ಯಾನ್ಸಿ. ವಯಸ್ಸು ಹದಿನೆಂಟೋ ಇಪ್ಪತ್ತೋ ಅಂತ ಅಂದಾಜಿನಲ್ಲಿ ಬರೆದಿದ್ದಾರೆ. ಹೊಲ, ದನ ಬರೆಯುವ ಹಾಗೆಯೇ ಅವಳನ್ನೂ ಬರೆದಿದ್ದಾರೆ. ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದಾಗಿ 32 ವರ್ಷಕ್ಕೆ, 1820ರಲ್ಲಿ, ಇದೇ ಊರಿನಿಂದ 'ದಿ ಎಮ್ಯಾನ್ಸಿಪೇಟರ್' ಪತ್ರಿಕೆ ಬಂತು. ಗುಲಾಮಗಿರಿ ಹೋಗಬೇಕು ಅನ್ನೋದೊಂದೇ ಅದರ ಕೆಲಸ. ಹೊರತಂದವನು ಎಲಿಹು ಎಂಬ್ರೀ, ಕ್ವೇಕರ್ ಅನ್ನುವ ಕ್ರೈಸ್ತ ಪಂಥದವನು, ಕಬ್ಬಿಣದ ಉದ್ಯಮದ ಮನೆತನ. ಕೆಲವು ಕಡೆ 1819 ಅಂತ ಕಾಣುತ್ತದೆ, ಅದು ಅವನ ಮೊದಲಿನ ವಾರಪತ್ರಿಕೆಯದು, ಎರಡನ್ನೂ ಕಲಸಬೇಡಿ. ಏಳು ಸಂಚಿಕೆ ಬರುವಷ್ಟರಲ್ಲಿ ಅವನ ಆರೋಗ್ಯ ಕೆಟ್ಟಿತು, ಡಿಸೆಂಬರಿನಲ್ಲಿ ತೀರಿಕೊಂಡ. ಅವನೂ ಗುಲಾಮರನ್ನು ಇಟ್ಟುಕೊಂಡಿದ್ದವನೇ ಅನ್ನೋದನ್ನೂ ಮರೆಯಬೇಡಿ. ಬಿಟ್ಟರೆ ಚಿತ್ರ ಸುಳ್ಳಾಗುತ್ತದೆ.

ಕಟ್ಟಡಗಳಲ್ಲಿ ಎರಡು ನೆನಪಿದ್ದರೆ ಸಾಕು. 1797ರ ಚೆಸ್ಟರ್ ಇನ್, ಡಾಕ್ಟರ್ ವಿಲಿಯಂ ಚೆಸ್ಟರ್ ಕಟ್ಟಿಸಿದ ತಂಗುಮನೆ, ಈಗ ಮ್ಯೂಸಿಯಂ. ಇನ್ನೊಂದು 1913ರ ಕೋರ್ಟ್ ಕಟ್ಟಡ, ಮೇಲೆ ಗಡಿಯಾರದ ಗೋಪುರ.

ಕಾರ್ಖಾನೆಗಳೆಲ್ಲ ಪಕ್ಕದ ಜಾನ್ಸನ್ ಸಿಟಿಗೆ ಹೋದವು, ಇಲ್ಲಿನ ಪೇಟೆ ಸೊರಗಿತು. ಹೊಸದು ಕಟ್ಟಲು ದುಡ್ಡಿಲ್ಲದ ಕಡೆ ಹಳೆಯದು ಉಳಿಯುತ್ತದೆ, ಸರಿ, ಆದರೆ ಜನ ಬಾರದಿದ್ದರೆ ಅದೂ ಬೀಳುತ್ತದೆ. 1969ರಲ್ಲಿ ಪೇಟೆ ಭಾಗ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು. 1973ರ ಅಕ್ಟೋಬರಿನಲ್ಲಿ ಜಿಮ್ಮಿ ನೀಲ್ ಸ್ಮಿತ್ ಅನ್ನುವ ಹೈಸ್ಕೂಲ್ ಮೇಷ್ಟ್ರು ಕತೆ ಹೇಳುವ ಹಬ್ಬ ಮಾಡಿದರು. ಹುಲ್ಲಿನ ಗಾಡಿಯೇ ವೇದಿಕೆ. ಹೇಳುವವರು, ಕೇಳುವವರು ಸೇರಿ ಸುಮಾರು 60 ಜನ. ಬೆಟ್ಟದ ರೈತ ರೇ ಹಿಕ್ಸ್ ತಮ್ಮ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದ, ಜ್ಯಾಕ್ ಅನ್ನುವ ಹುಡುಗನ ಜನಪದ ಕತೆಗಳನ್ನು ಇಲ್ಲಿ ವರ್ಷ ವರ್ಷ ಹೇಳಿದರು. ಈಗ ಅಕ್ಟೋಬರ್ ಬಂದರೆ ಊರ ತುಂಬ ದೊಡ್ಡ ಡೇರೆಗಳು. 2002ರಲ್ಲಿ ಚೆಸ್ಟರ್ ಇನ್ ಪಕ್ಕದಲ್ಲೇ ಕತೆಗಾರಿಕೆಗೆ ಅಂತಾರಾಷ್ಟ್ರೀಯ ಕೇಂದ್ರ ತೆರೆಯಿತು.

ನನಗೆ ಹಬ್ಬಕ್ಕಿಂತ ಜಾಸ್ತಿ ಹಿಡಿಸಿದ್ದು ವರ್ಷವಿಡೀ ನಡೆಯುವ ಕೆಲಸ. ಬಿಳಿಯರ ಶಾಲೆಗೆ ಪ್ರವೇಶವಿಲ್ಲದ ಕಾಲದಲ್ಲಿ ಕಪ್ಪು ಮಕ್ಕಳು ಓದುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಶಾಲೆ ಈಗ ಮೆಕಿನ್ನಿ ಸೆಂಟರ್ ಅನ್ನುವ ಕಲಾ ಕೇಂದ್ರ. ಊರಿನವರ ಬಾಯಿಂದಲೇ ಅವರ ಬದುಕಿನ ಕತೆ ಕೇಳಿ, ರೆಕಾರ್ಡ್ ಮಾಡಿ, ರೇಡಿಯೋ ನಾಟಕವಾಗಿ ಊರಿನವರೇ ಆಡುತ್ತಾರೆ.