ಸುಣ್ಣ, ಡಿಸ್ಟೆಂಪರ್ ಇರುವ ಗೋಡೆಗೆ ನೇರವಾಗಿ ಎಮಲ್ಷನ್ ಹೊಡೆಯಬಹುದಾ?

ಪ್ರಶ್ನೆ: ನಮ್ಮ ಮಲಗುವ ಕೋಣೆಗೆ ಮೊದಲು ಸುಣ್ಣ ಹೊಡೆಯುತ್ತಿದ್ದರು, ಆಮೇಲೆ ಡಿಸ್ಟೆಂಪರ್ ಆಯಿತು. ಈಗ ಎಮಲ್ಷನ್ ತಂದು ನಾವೇ ಹೊಡೆಯೋಣ ಅಂತ ಇದ್ದೇವೆ. ಹಳೇದರ ಮೇಲೇ ಹೊಡೆದರೆ ನಿಲ್ಲುತ್ತಾ?

ಹೊಡೆದ ದಿನ ಚೆನ್ನಾಗಿಯೇ ಕಾಣುತ್ತದೆ, ಆದರೆ ಜಾಸ್ತಿ ದಿನ ನಿಲ್ಲುವುದಿಲ್ಲ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಲ್ಲಿ ಹಕ್ಕಳೆ ಏಳುತ್ತದೆ. ಹಾಗೆ ಎದ್ದ ಒಂದು ಹಕ್ಕಳೆ ಕಿತ್ತು ತಿರುಗಿಸಿ ನೋಡಿ. ಮುಂದೆ ಹೊಸ ಬಣ್ಣ, ಬೆನ್ನಿಗೆ ಬಿಳಿ ಪುಡಿ. ಬಣ್ಣ ಹಿಡಿದುಕೊಂಡಿದ್ದು ಆ ಪುಡಿಯನ್ನು. ಪುಡಿ ಗೋಡೆ ಬಿಟ್ಟಿತು, ಜೊತೆಗೆ ಬಣ್ಣವೂ ಬಂತು.

ಹಳೇ ಡಿಸ್ಟೆಂಪರ್‌ನಲ್ಲಿ ಹೆಚ್ಚಿನ ಪಾಲು ಸೀಮೆಸುಣ್ಣದ ಪುಡಿ, ಜೊತೆಗೆ ಸ್ವಲ್ಪ ಅಂಟು. ವರ್ಷ ಕಳೆದಂತೆ ಅಂಟಿನ ಹಿಡಿತ ಸಡಿಲವಾಗುತ್ತದೆ. ಸುಣ್ಣವಂತೂ ಕೋಟಿನ ಮೇಲೆ ಕೋಟು ಕೂತು ದಪ್ಪಗಾಗಿರುತ್ತದೆ. ಎಮಲ್ಷನ್ ಗುಣವೇ ಬೇರೆ. ಅದರಲ್ಲಿನ ನೀರು ಆರಿದ ಮೇಲೆ ತೆಳು ಪ್ಲಾಸ್ಟಿಕ್ ಪೊರೆಯಾಗಿ ಬಿಗಿದುಕೊಳ್ಳುತ್ತದೆ. ಬಿಗಿಯುವಾಗ ಕೆಳಗಿನ ಸಡಿಲ ಪದರವನ್ನೂ ಎಳೆಯುತ್ತದೆ.

ನಿಮ್ಮ ಗೋಡೆ ಹೇಗಿದೆ ಅಂತ ತಿಳಿಯಲು ಅಂಗೈಯಿಂದ ಒಮ್ಮೆ ಗಟ್ಟಿಯಾಗಿ ಉಜ್ಜಿ. ಕೈ ಬೆಳ್ಳಗಾಯಿತಾ? ಹಾಗಿದ್ದರೆ ಕೆರೆಯಲೇಬೇಕು. ಅನುಮಾನವಿದ್ದರೆ ಅಂಟು ಟೇಪ್ ಒತ್ತಿ ಹಚ್ಚಿ ಸರ್ರನೆ ಕಿತ್ತು ನೋಡಿ.

ಕೆರೆಯುವುದು ಬೇಜಾರಿನ ಕೆಲಸ, ನಿಜ. ಕಂಟ್ರಾಕ್ಟ್ ಕೊಟ್ಟಾಗ ಎಷ್ಟೋ ಕಡೆ ತೇಲಿಸಿಬಿಡುವುದು ಇದನ್ನೇ. ನೀವೇ ಮಾಡುವುದರ ದೊಡ್ಡ ಲಾಭ ಇಲ್ಲೇ ಇದೆ, ನಿಮಗೆ ಅವಸರವಿಲ್ಲ. ಎರಡು ದಿನ ಕೈಯಲ್ಲಿದ್ದರೆ ಒಂದೂವರೆ ದಿನ ಇದಕ್ಕೇ ಇಡಿ ಅಂತ ನಾನು ಹೇಳುತ್ತೇನೆ. ಬಣ್ಣ ಬೇಕಾದರೆ ಮುಂದಿನ ವಾರ ಹೊಡೆದರಾಯಿತು.

ಒಣಗೋಡೆ ಕೆರೆಯಬೇಡಿ, ಮನೆಯೆಲ್ಲಾ ಧೂಳು. ಸ್ಪಂಜಿನಿಂದ ಎರಡು ಮೂರು ಅಡಿ ಜಾಗ ಚೆನ್ನಾಗಿ ಒದ್ದೆ ಮಾಡಿ, ಹತ್ತು ನಿಮಿಷ ಬಿಡಿ, ಮತ್ತೊಮ್ಮೆ ಒದ್ದೆ ಮಾಡಿ. ನೀರು ಕುಡಿದ ಡಿಸ್ಟೆಂಪರ್ ಉಬ್ಬಿ ಮೆತ್ತಗಾಗುತ್ತದೆ. ಆಗ ಸ್ಕ್ರೇಪರ್ ಅನ್ನು ಓರೆಯಾಗಿ ಹಿಡಿದು ತಳ್ಳಿದರೆ ಅಂಚಿನಲ್ಲಿ ಗುಡ್ಡೆ ಗುಡ್ಡೆಯಾಗಿ ಬರುತ್ತದೆ. ಪದರ ಬರುವಾಗ ಶಬ್ದ ಮೆತ್ತಗಿರುತ್ತದೆ. ಗಾರೆ ಸಿಕ್ಕಿದ ಕೂಡಲೇ ಕರಕರ ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ಗಟ್ಟಿಯಾಗಿ ಕೂತು ಬರಲೊಲ್ಲದ ಕಡೆ ಬಲವಂತ ಬೇಡ, ಉಪ್ಪುಕಾಗದದಲ್ಲಿ ಉಜ್ಜಿ ಅಂಚು ಸಮ ಮಾಡಿದರೆ ಸಾಕು. ಕೊನೆಗೆ ಒದ್ದೆ ಬಟ್ಟೆಯಿಂದ ಇಡೀ ಗೋಡೆ ಒರೆಸಿ ಒಂದೆರಡು ದಿನ ಒಣಗಲು ಬಿಡಿ.

ಒಂದು ಎಚ್ಚರಿಕೆ. ಕಿಟಕಿ, ಬಾಗಿಲ ಚೌಕಟ್ಟಿನ ಹಳೇ ಆಯಿಲ್ ಪೇಂಟನ್ನು ಒಣದಾಗಿ ಉಜ್ಜಲೇಬೇಡಿ. ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಆ ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಕೆಟ್ಟದ್ದು. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಗೆ ಬಿಡಬೇಡಿ.

ಗೋಡೆಯಲ್ಲಿ ತೇವ ಇದ್ದರೆ ಮಾತ್ರ ಎಷ್ಟು ಕೆರೆದರೂ ಪ್ರಯೋಜನವಿಲ್ಲ. ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಗೋಡೆಗೆ ಅಂಟಿಸಿಡಿ. ಒಳಮೈಯಲ್ಲಿ ನೀರಹನಿ ಕಂಡರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಪೈಪ್ ಸೋರುತ್ತಿದೆಯಾ, ಹೊರಗಿನ ಗಾರೆ ಬಿರುಕು ಬಿಟ್ಟಿದೆಯಾ ನೋಡಿ, ಮೊದಲು ಅದನ್ನು ಸರಿಮಾಡಿಸಿ. ಕರಾವಳಿ, ಮಲೆನಾಡಿನವರಾದರೆ ಸಂಕ್ರಾಂತಿಯಿಂದ ಯುಗಾದಿಯ ಒಳಗೆ ಈ ಕೆಲಸ ಇಟ್ಟುಕೊಳ್ಳಿ. ಆಗ ಗೋಡೆ ಚೆನ್ನಾಗಿ ಒಣಗಿರುತ್ತದೆ.

ಇನ್ನು ನಿಮ್ಮದು ಮಣ್ಣಿನ ಗೋಡೆಯೋ ಸುಣ್ಣದ ಗಾರೆಯ ಗೋಡೆಯೋ ಆಗಿದ್ದರೆ, ದಯವಿಟ್ಟು ಎಮಲ್ಷನ್ ಆಸೆ ಬಿಡಿ. ಅಂಥ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಎಮಲ್ಷನ್ ಪೊರೆ ದಾರಿ ಕಟ್ಟಿದರೆ ತೇವ ಒಳಗೇ ಉಳಿದು ಗಾರೆ ಉದುರುತ್ತದೆ. ಅಲ್ಲಿ ಸುಣ್ಣವೇ ಸರಿ.

ಮುಂದಿನದ್ದು ಸಲೀಸು. ಗುಂಡಿ, ಬಿರುಕಿಗೆ ಪುಟ್ಟಿ ತುಂಬಿ. ಬಿಳಿ ಸಿಮೆಂಟಿನ ಪುಟ್ಟಿಯಾದರೆ ಹಚ್ಚುವ ಜಾಗಕ್ಕೆ ಮೊದಲು ನೀರು ಚಿಮುಕಿಸಿ. ಒಣಗಿದ ಮೇಲೆ ಉಜ್ಜಿ, ಒರೆಸಿ, ಇಡೀ ಗೋಡೆಗೆ ವಾಟರ್ ಪ್ರೈಮರ್ ಹೊಡೆಯಿರಿ. ಪ್ರೈಮರ್ ಬಿಡಬೇಡಿ, ಉಳಿದ ಸಣ್ಣಪುಟ್ಟ ಪುಡಿಯನ್ನು ಹಿಡಿದು ಕೂರಿಸುವುದು ಅದೇ. ಆಮೇಲೆ ಎಮಲ್ಷನ್ ಎರಡು ಕೋಟ್, ನಡುವೆ ನಾಲ್ಕಾರು ಗಂಟೆ ಬಿಡುವು. ಮೂಲೆ, ಅಂಚಿಗೆ ಎರಡಿಂಚಿನ ಬ್ರಷ್, ಉಳಿದಿದ್ದಕ್ಕೆ ರೋಲರ್. ಒಂದು ಗೋಡೆ ಹಿಡಿದರೆ ಮುಗಿಸಿಯೇ ಊಟಕ್ಕೆ ಏಳಿ, ಅರ್ಧಕ್ಕೆ ಬಿಟ್ಟರೆ ಒಣಗಿದ ಅಂಚು ಗೆರೆಯಾಗಿ ಉಳಿಯುತ್ತದೆ.

ಎಷ್ಟು ಬಣ್ಣ ಬೇಕು? 10ಕ್ಕೆ 12 ಅಡಿ ಕೋಣೆ, 10 ಅಡಿ ಎತ್ತರ ಅಂದರೆ ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಎರಡು ಕೋಟ್‌ಗೆ ಲೀಟರ್‌ಗೆ 50ರಿಂದ 60 ಚದರ ಅಡಿ ಅಂತ ಹಿಡಿದರೆ 7ರಿಂದ 8 ಲೀಟರ್. 4 ಲೀಟರ್‌ನ ಎರಡು ಡಬ್ಬ ತಂದರೆ ಆಗುತ್ತದೆ. ಅಂಗಡಿಯಲ್ಲಿ ಬಣ್ಣ ಕಲಸಿ ಕೊಡುವುದಾದರೆ ಎರಡನ್ನೂ ಒಂದೇ ದಿನ ಕಲಸಿಸಿ. ಮನೆಗೆ ತಂದು ದೊಡ್ಡ ಬಕೆಟ್‌ನಲ್ಲಿ ಎರಡನ್ನೂ ಒಟ್ಟಿಗೆ ಬೆರೆಸಿಕೊಂಡರೆ ಗೋಡೆಯಿಂದ ಗೋಡೆಗೆ ಬಣ್ಣ ಬೇರೆಯಾಗಿ ಕಾಣುವುದಿಲ್ಲ.