ನಡು ಸಣ್ಣಗಿದ್ದರೇ ಕಡ್ಡಿ ಗಟ್ಟಿ

ಮೌಂಟನ್ ಬೈಕಿನ ಹಿಂದಿನ ಚಕ್ರದಲ್ಲಿ ಒಂದರ ಹಿಂದೊಂದು ಕಡ್ಡಿ ಮುರಿಯತೊಡಗಿದರೆ ಸೈಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ: ‘ದಪ್ಪ ಸ್ಪೋಕ್ ಹಾಕಿಸಿಬಿಡಿ ಸಾರ್.’ ಕೇಳಲು ಸರಿಯೆನಿಸುತ್ತದೆ. ಸಣ್ಣದು ಮುರಿಯಿತು, ದಪ್ಪದು ತಡೆದೀತು. ಆದರೆ ತುದಿಯಿಂದ ತುದಿಯವರೆಗೆ ದಪ್ಪ ಕಡ್ಡಿ ಹಾಕಿದ ಚಕ್ರ ಎಷ್ಟೋ ಸಲ ಮೊದಲಿಗಿಂತ ಬೇಗ ಕೈಕೊಡುತ್ತದೆ. ಹೊಸ ವೀಲ್‌ಸೆಟ್ಟಿಗೆ, ಎಂದರೆ ಜೋಡಿ ಚಕ್ರಕ್ಕೆ, ದುಡ್ಡು ಸುರಿಯುವ ಮುಂಚೆ ಇದು ಯಾಕೆಂದು ತಿಳಿದುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಮುರಿದ ಕಡ್ಡಿಯನ್ನು ಎಸೆಯಬೇಡಿ, ಬಿಸಿಲಿಗೆ ಹಿಡಿದು ನೋಡಿ. ಬಹುಮಟ್ಟಿಗೆ ಅದು ಹಬ್ಬಿನ (ಚಕ್ರದ ನಡುಗುಂಬದ) ತೂತಿನ ಬಳಿ, ಮೊಣಕೈಯಂತೆ ಬಾಗಿರುವ ಕಡೆಯೇ ತುಂಡಾಗಿರುತ್ತದೆ. ತುಂಡಾದ ಮುಖದ ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ತರಿತರಿ. ನುಣುಪಾದದ್ದು ತಿಂಗಳುಗಟ್ಟಲೆ ಕೂದಲೆಳೆಯಷ್ಟಾಗಿ ಮುಂದುವರಿದ ಬಿರುಕು, ತರಿಯಾದದ್ದು ಕೊನೆಯ ದಿನ ಕಿತ್ತು ಬಂದದ್ದು. ಭಾರ ತಾಳಲಾರದೆ ಹರಿದಿದ್ದರೆ ಆ ಜಾಗ ಎಳೆದ ಬೆಲ್ಲದ ಪಾಕದ ಹಾಗೆ ಸಣ್ಣಗಾಗಿರಬೇಕಿತ್ತು. 2 ಮಿ.ಮೀ.ನ ಒಳ್ಳೆಯ ಸ್ಟೇನ್‌ಲೆಸ್ ಕಡ್ಡಿ ಹರಿಯಬೇಕಾದರೆ ಸುಮಾರು 300 ಕೆ.ಜಿ. ಎಳೆತ ಬೇಕು. ಕಾಡುದಾರಿಯಲ್ಲಿ ಒಂದೇ ಕಡ್ಡಿಯ ಮೇಲೆ ಅಷ್ಟು ಬೀಳುವುದಿಲ್ಲ.

ಕಡ್ಡಿ ಸಾಯುವುದು ದಣಿವಿನಿಂದ. ಕಟ್ಟುವ ತಂತಿಯನ್ನು ಕೈಯಿಂದ ಹರಿಯಲಾಗದು, ಆದರೆ ಹತ್ತು ಸಲ ಅತ್ತ ಇತ್ತ ಬಗ್ಗಿಸಿದರೆ ತಾನೇ ತುಂಡಾಗುತ್ತದೆ. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳು ಮುರಿಯುವುದನ್ನು ವರ್ಷಗಟ್ಟಲೆ ಪರೀಕ್ಷಿಸಿ ಕಂಡುಕೊಂಡದ್ದೂ ಇದನ್ನೇ: ಲೋಹಕ್ಕೆ ಮುಖ್ಯವಾದದ್ದು ಎಷ್ಟು ಭಾರ ಎಂಬುದಷ್ಟೇ ಅಲ್ಲ, ಆ ಭಾರ ಎಷ್ಟು ಏರಿಳಿಯುತ್ತದೆ, ಎಷ್ಟು ಸಲ ಏರಿಳಿಯುತ್ತದೆ ಎಂಬುದು. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ. ಸಾವಿರ ಕಿಲೋಮೀಟರಿಗೆ ಪ್ರತಿ ಕಡ್ಡಿಯೂ 4.3 ಲಕ್ಷ ಸಲ ಹೀಗೆ ಏರಿಳಿದಿರುತ್ತದೆ.

ಏರಿಳಿತ ಎಲ್ಲಿಂದ ಬಂತು? ಎತ್ತಿನ ಗಾಡಿಯ ಚಕ್ರದಲ್ಲಿ ಅರೆಕಾಲು ಎಂದರೆ ಕಂಬ. ಗಾಡಿಯ ಭಾರ ನೆಲದ ಕಡೆಯ ಅರೆಕಾಲಿನ ಮೇಲೆ ನಿಲ್ಲುತ್ತದೆ. ಸೈಕಲ್ ಕಡ್ಡಿ ಕಂಬವಲ್ಲ, ಹಗ್ಗ. ಹಗ್ಗದಿಂದ ಎಳೆಯಬಹುದು, ತಳ್ಳಲಾಗದು. ಹಾಗಾದರೆ ಹಬ್ಬು ಮೇಲಿನ ಕಡ್ಡಿಗಳಿಂದ ಜೋತಾಡುತ್ತಿರಬೇಕು ಎಂದು ಬಹಳ ಮಂದಿ ಹೇಳುತ್ತಾರೆ. ಅದೂ ಅಲ್ಲ. ಎಲ್ಲ ಕಡ್ಡಿಗಳನ್ನೂ ಮೊದಲೇ ನೂರು ಕೆ.ಜಿ.ಯ ಆಚೀಚೆ ಬಿಗಿದಿಟ್ಟಿರುತ್ತೇವೆ. ಸವಾರ ಕೂತಾಗ ನೆಲಕ್ಕೆ ತಾಗುವಲ್ಲಿ ರಿಮ್ಮು ಕಣ್ಣಿಗೆ ಕಾಣದಷ್ಟು ಒಳಕ್ಕೆ ಜಗ್ಗುತ್ತದೆ, ಅಲ್ಲಿನ ಮೂರು ನಾಲ್ಕು ಕಡ್ಡಿಗಳ ಬಿಗಿ ಇಳಿಯುತ್ತದೆ. ಮೇಲಿನವು ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತವೆ. 110 ಇದ್ದದ್ದು 95 ಆದರೆ, ಆ 15 ಕೆ.ಜಿ. ತಳ್ಳಿದಷ್ಟೇ ಆಯಿತು. ಬ್ಯಾಂಕಿನಲ್ಲಿ ಠೇವಣಿ ಇಟ್ಟವನು ಸಾಲ ಮಾಡದೆ ಖರ್ಚು ಮಾಡಿದ ಹಾಗೆ. ಠೇವಣಿ ಸೊನ್ನೆಗೆ ಬಂದಾಗಲೇ ತಾಪತ್ರಯ. ಸಡಿಲವಾದ ಕಡ್ಡಿ ಹಬ್ಬಿನ ತೂತಿನಲ್ಲಿ ಅಲುಗಾಡುತ್ತದೆ, ಮೊಣಕೈ ಬಗ್ಗಿ ನೆಟ್ಟಗಾಗುತ್ತದೆ, ಇತ್ತ ರಿಮ್ಮಿನ ಕಡೆ ಕಡ್ಡಿಯನ್ನು ಬಿಗಿದಿಡುವ ಪುಟ್ಟ ನಟ್ಟು, ನಿಪ್ಪಲ್, ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಂಬಿಕೆ ಬರದಿದ್ದರೆ ಯಾರನ್ನಾದರೂ ಸೈಕಲ್ ಮೇಲೆ ಕೂರಿಸಿ, ನೆಲದ ಕಡೆಯ ಕಡ್ಡಿಯನ್ನು ಉಗುರಿನಿಂದ ಮೀಟಿ. ಸ್ವರ ಇಳಿದಿರುತ್ತದೆ. ಮೇಲಿನದನ್ನು ಮೀಟಿದರೆ ಸ್ವರ ಏರಿರುವುದಿಲ್ಲ. ತಂಬೂರಿಯ ತಂತಿಗೂ ಇದಕ್ಕೂ ಲೆಕ್ಕ ಒಂದೇ: ಬಿಗಿ ನಾಲ್ಕನೇ ಒಂದಕ್ಕೆ ಇಳಿದರೆ ಸ್ವರ ಒಂದು ಸ್ಥಾಯಿ ಕೆಳಗೆ.

ಈಗ ದಪ್ಪ ಕಡ್ಡಿಯ ಮಾತು. ಸುಮಾರು 290 ಮಿ.ಮೀ. ಉದ್ದದ, ಉದ್ದಕ್ಕೂ 2 ಮಿ.ಮೀ. ದಪ್ಪದ ಕಡ್ಡಿಯನ್ನು 110 ಕೆ.ಜಿ.ಗೆ ಬಿಗಿದರೆ ಅದು ಹಿಗ್ಗುವುದು ಅರ್ಧ ಮಿ.ಮೀ. ಮಾತ್ರ. ನಡುವಿನಲ್ಲಿ 1.5 ಮಿ.ಮೀ.ಗೆ ಸಣ್ಣ ಮಾಡಿದ ಕಡ್ಡಿ 0.8 ಮಿ.ಮೀ. ಹಿಗ್ಗುತ್ತದೆ. ರಿಮ್ಮು ಬುಡದಲ್ಲಿ 0.1 ಮಿ.ಮೀ. ಒಳಕ್ಕೆ ಬಂತೆನ್ನಿ. ದಪ್ಪ ಕಡ್ಡಿ ತನ್ನ ಬಿಗಿಯ ಐದರಲ್ಲೊಂದು ಪಾಲು, ಎಂದರೆ 22 ಕೆ.ಜಿ. ಕಳೆದುಕೊಂಡಿತು. ಸಣ್ಣದು ಕಳೆದುಕೊಂಡದ್ದು 14. ಉಳಿದದ್ದನ್ನು ಅಕ್ಕಪಕ್ಕದ ಕಡ್ಡಿಗಳು ಹಂಚಿಕೊಳ್ಳುತ್ತವೆ. ನಡು ಹಿಗ್ಗುವುದರಿಂದ ಮೊಣಕೈಗೆ ಬೀಳುವ ಏರಿಳಿತ ಕಡಿಮೆಯಾಗುತ್ತದೆ. ದಪ್ಪ ಬೇಕಿರುವುದು ಮೊಣಕೈಗೆ, ಮರೆ (ನಿಪ್ಪಲ್ ಕೂರುವ ಸ್ಕ್ರೂ ಗೆರೆ) ಇರುವ ತುದಿಗೆ; ನಡುವಿಗಲ್ಲ.

ಹಾಗಂತ ತೀರಾ ಸಣ್ಣದಕ್ಕೆ ಹೋಗಬೇಕಿಲ್ಲ. 1.5ರ ಕಡ್ಡಿ ಬಿಗಿಯುವಾಗ ತಿರುಚಿಕೊಳ್ಳುತ್ತದೆ, ತಿರುವಿನಲ್ಲಿ ಚಕ್ರ ಪಕ್ಕಕ್ಕೆ ಮಿದುವೆನಿಸುತ್ತದೆ. ಕಲ್ಲುದಾರಿಗೆ ತುದಿಗಳು 2.0, ನಡು 1.8 ಇರುವ ಡಬಲ್ ಬಟೆಡ್ ಕಡ್ಡಿ ಸಾಕು. ಸವಾರ ಭಾರಿ ಆಸಾಮಿಯಾದರೆ ಮೊಣಕೈ 2.3, ನಡು 1.8, ಮರೆ 2.0 ಇರುವ ಮೂರು ಅಳತೆಯ ಕಡ್ಡಿ ಸಿಗುತ್ತದೆ. ‘ದಪ್ಪ ಹಾಕಿಸಿ’ ಎಂದವರ ಮಾತು ಅಷ್ಟರ ಮಟ್ಟಿಗೆ ನಿಜ. ಮೊಣಕೈ ಇಲ್ಲದ ನೇರ ಕಡ್ಡಿ ನೋಡಲು ಚೆನ್ನ, ಆದರೆ ಸಕಲೇಶಪುರದಲ್ಲಿ ಮುರಿದರೆ ಅದೇ ಉದ್ದದ್ದು ಸಿಗುವುದು ಕಷ್ಟ. ಬಾಗಿದ್ದನ್ನೇ ತೆಗೆದುಕೊಳ್ಳಿ, ನಾಲ್ಕು ಹೆಚ್ಚಾಗಿ ಇಟ್ಟುಕೊಳ್ಳಿ.

ಸಂಖ್ಯೆ 32 ಇರಲಿ, 28ಕ್ಕೆ ಇಳಿಸಿ ಉಳಿಯುವುದು ಕೆಲವೇ ಗ್ರಾಂ. ಹೆಣೆಯುವಾಗ ಪ್ರತಿ ಕಡ್ಡಿಯೂ ಮೂರನ್ನು ದಾಟಬೇಕು. ಡಿಸ್ಕ್ ಬ್ರೇಕು ಹಬ್ಬನ್ನು ತಿರುಚುತ್ತದೆ, ರಿಮ್ಮು ಅದರ ಹಿಂದೆ ಬರಬೇಕಾದರೆ ಕಡ್ಡಿ ಓರೆಯಾಗಿ ಹೊರಟಿರಬೇಕು. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದದ್ದು ಈ ಓರೆ ಹೆಣಿಗೆಗೇ. ಅದಕ್ಕೂ ಮುಂಚೆ, 1808ರಲ್ಲಿ, ಜಾರ್ಜ್ ಕೇಲಿ ಬಿಗಿದ ದಾರದ ಕಡ್ಡಿಗಳ ಚಕ್ರವನ್ನು ಯೋಚಿಸಿದ್ದು ಸೈಕಲ್ಲಿಗಲ್ಲ, ಹಾರುವ ಯಂತ್ರವನ್ನು ಹಗುರ ಮಾಡಲು!

ಹಿಂದಿನ ಹಬ್ಬಿನಲ್ಲಿ ಬಲಕ್ಕೆ ಗೇರಿನ ಚಕ್ರಗಳು ಜಾಗ ತಿನ್ನುವುದರಿಂದ ಬಲದ ಕಡ್ಡಿಗಳು ನೆಟ್ಟಗೆ ನಿಲ್ಲುತ್ತವೆ. ಅಲ್ಲಿ 115 ಕೆ.ಜಿ. ಬಿಗಿದರೂ ಎಡಕ್ಕೆ ಬರುವುದು 70ರ ಆಸುಪಾಸು. ಠೇವಣಿ ಮೊದಲು ಖಾಲಿಯಾಗುವುದು ಎಡದ್ದೇ. 142ರ ಬದಲು 148 ಮಿ.ಮೀ. ಅಗಲದ, ಬೂಸ್ಟ್ ಎಂಬ ಹಬ್ಬಿನಲ್ಲಿ ಕಡ್ಡಿ ಕೂರುವ ಅಂಚುಗಳು ಎರಡೂ ಬದಿಗೆ ಹೊರಕ್ಕೆ ಸರಿದು, ಚಕ್ರಕ್ಕೆ ಪಕ್ಕದ ಬಲ ಬರುತ್ತದೆ. ನಿಮ್ಮ ಫ್ರೇಮು ಒಪ್ಪಿದರೆ ಅದೇ ಇರಲಿ. ಬೇರಿಂಗು ಮಾಮೂಲಿ ಅಳತೆಯ ಸೀಲ್ಡ್ ಕಾರ್ಟ್ರಿಜ್ ಆಗಿರಲಿ.

2.4 ಇಂಚಿನ ಟೈರಿಗೆ ಒಳಅಗಲ 30 ಮಿ.ಮೀ. ಇರುವ ಅಲ್ಯೂಮಿನಿಯಂ ರಿಮ್ಮು ಸರಿಹೋಗುತ್ತದೆ. ಕಲ್ಲಿಗೆ ಬಡಿದರೆ ಅದರ ಅಂಚು ನೆಗ್ಗುತ್ತದೆ, ನೆಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಇಕ್ಕಳದಿಂದ ಎಳೆದು ಮನೆ ಸೇರಬಹುದು. ಕಾರ್ಬನ್ ರಿಮ್ಮು ನೆಗ್ಗುವುದಿಲ್ಲ, ಸೀಳುತ್ತದೆ. ನಿಪ್ಪಲ್ಲು ಹಿತ್ತಾಳೆಯದ್ದೇ ಬೇಕು. ಅಲ್ಯೂಮಿನಿಯಂ ನಿಪ್ಪಲ್ಲು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಪುಡಿಗಟ್ಟಿ ಕಚ್ಚಿಕೊಂಡು, ತಿರುಗಿಸಲು ಹೋದರೆ ತಲೆ ಕಿತ್ತು ಬರುತ್ತದೆ.

ಇಷ್ಟೆಲ್ಲ ಒಳ್ಳೆಯ ಮಾಲು ತಂದರೂ ಕಟ್ಟುವ ಕೈ ಕೆಟ್ಟದ್ದಾದರೆ ವ್ಯರ್ಥ. ಬೆಂಡಿಲ್ಲದೆ ತಿರುಗುವ ಚಕ್ರ ಒಳ್ಳೆಯ ಚಕ್ರ ಎಂಬುದು ಇನ್ನೊಂದು ಭ್ರಮೆ. ಒಂದು ಕಡ್ಡಿಗೆ 140, ಪಕ್ಕದ್ದಕ್ಕೆ 60 ಕೊಟ್ಟೂ ರಿಮ್ಮನ್ನು ನೆಟ್ಟಗೆ ನಿಲ್ಲಿಸಬಹುದು. ಆ 60ರ ಕಡ್ಡಿಯೇ ಮೊದಲು ಸಡಿಲವಾಗುವುದು. ಕಟ್ಟುವವರ ಬಳಿ ಟೆನ್ಶನ್ ಮೀಟರ್ ಇದೆಯೇ ಎಂದು ಕೇಳಿ. ಒಂದೇ ಬದಿಯ ಕಡ್ಡಿಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬಿಗಿಯ ಗರಿಷ್ಠ ಮಿತಿ ರಿಮ್ಮಿನ ಕಂಪನಿ ಹೇಳಿದ್ದು, ಅದನ್ನು ಮೀರಿದರೆ ರಿಮ್ಮಿನ ತೂತಿನ ಸುತ್ತ ಬಿರುಕು ಬಿಡುತ್ತದೆ. ಟೈರಿಗೆ ಗಾಳಿ ತುಂಬಿದ ಮೇಲೆ ಬಿಗಿ ಸ್ವಲ್ಪ ಇಳಿಯುತ್ತದೆ, ಗಾಬರಿ ಬೇಡ.

ಕಟ್ಟಿ ಮುಗಿದ ಮೇಲೆ, ಕೈಗೆ ಗ್ಲೌಸ್ ಹಾಕಿಕೊಂಡು, ಒಂದೇ ಬದಿಯ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ನಡುವಿನಲ್ಲಿ ಹಿಡಿದು ಬಲವಾಗಿ ಹಿಸುಕಬೇಕು, ಸುತ್ತಲೂ. ಮೊಣಕೈಗಳು ತೂತಿನಲ್ಲಿ ಸರಿಯಾಗಿ ಕೂರುತ್ತವೆ, ತಿರುಚಿಕೊಂಡಿದ್ದ ಕಡ್ಡಿಗಳು ಟಿಣ್ ಟಿಣ್ ಎಂದು ಬಿಚ್ಚಿಕೊಳ್ಳುತ್ತವೆ. ಆಮೇಲೆ ಬೆಂಡು ನೋಡಿ ಕಾಲು ಸುತ್ತು, ಕಾಲು ಸುತ್ತಾಗಿ ಸರಿಮಾಡಿ ಮತ್ತೆ ಹಿಸುಕುವುದು, ಸದ್ದು ನಿಲ್ಲುವವರೆಗೆ. ಹೊಸ ಚಕ್ರದಲ್ಲಿ ಮೊದಲ ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಡಬದಿಯ ಕಡ್ಡಿಗಳನ್ನು ಒಂದು ಸುತ್ತು ಮೀಟಿ ನೋಡಿ. ಹದಿನಾರರಲ್ಲಿ ಒಂದು ಬೊದ್ದಾಗಿ ನುಡಿದರೆ ನಿಪ್ಪಲ್ ತಿರುಗಿಸುವ ಕೀ ಬೇಕಿರುವುದು ಅದಕ್ಕೆ.